ತೊಳೆದರೂ ಹೋಗದ ಹಳದಿ

ನಮ್ಮ ತವರಿನಲ್ಲಿ ಸಿಹಿಗುಂಬಳ ಬೇಯಿಸುವ ಪದ್ಧತಿ ಇಲ್ಲ. ಹಿತ್ತಿಲಲ್ಲಿ ಬಳ್ಳಿ ತಾನಾಗಿಯೇ ಹುಟ್ಟಿ, ಬೇಲಿಯ ಮೇಲೆ ಹಬ್ಬಿ, ಕೊಡದಷ್ಟು ಗಾತ್ರದ ಕಾಯಿ ಬಿಟ್ಟರೂ ಅವ್ವ ಅದನ್ನು ಕೊಯ್ದು ಅಕ್ಕಪಕ್ಕದವರಿಗೆ ಕೊಟ್ಟುಬಿಡುತ್ತಾಳೆ. ಅತ್ತಿಗೆ ಮದುವೆಯಾಗಿ ಬಂದ ಹೊಸದರಲ್ಲಿ ಕಾರಣ ಕೇಳಿದ್ದರು. “ನಮ್ಮ ಮನೆಗೆ ಆಗಿಬರಾಕಿಲ್ಲ ಕಣವ್ವ” ಎಂದಷ್ಟೇ ಉತ್ತರ ಸಿಕ್ಕಿತ್ತು. ನಿಜವಾದ ಕಾರಣ ಗೊತ್ತಿದ್ದವರಲ್ಲಿ ಈಗ ಉಳಿದಿರುವವರು ಇಬ್ಬರೇ, ಅವ್ವ ಮತ್ತು ನಾನು. ಬಹಳ ವರ್ಷ ಆ ವಿಷಯವನ್ನು ನಾವಿಬ್ಬರೂ ಎತ್ತಿರಲಿಲ್ಲ.

1976ರ ಮಾತು. ನನಗಾಗ ಎಂಟು ವರ್ಷ. ಅರಸೀಕೆರೆ ಕಡೆಯ ನಮ್ಮ ಹಳ್ಳಿಯಲ್ಲಿ, ಮನೆಯ ನಡುಕೋಣೆಯಲ್ಲೇ, ಸೂಲಗಿತ್ತಿಯ ಕೈಯಲ್ಲಿ ನನಗೊಬ್ಬ ತಮ್ಮ ಹುಟ್ಟಿದ. ಮೂರನೆಯ ದಿನ ಅವನ ಮುಖ ಸ್ವಲ್ಪ ಹಳದಿಯಾಯಿತು. “ಹಸುಗೂಸಿಗೆ ಹಳದಿ ಬರೋದೇ, ಎಳೆಬಿಸಿಲಿಗೆ ಹಿಡೀರಿ, ಹೋಗ್ತದೆ” ಎಂದು ಸೂಲಗಿತ್ತಿ ಧೈರ್ಯ ಹೇಳಿದಳು. ಆಕೆ ಹೇಳಿದ್ದರಲ್ಲಿ ತಪ್ಪಿರಲಿಲ್ಲವೆಂದು ಈಗ ನನಗೆ ಗೊತ್ತು. ಹಳದಿ ಬರುವುದು ಸಹಜ, ಹೋಗುವುದೂ ಸಹಜ. ಆದರೆ ನಮ್ಮ ಕೂಸಿನದು ಹೋಗಲಿಲ್ಲ. ಹತ್ತು ದಿನ ಕಳೆಯಿತು, ಹದಿನೈದು ಕಳೆಯಿತು. ಹಳದಿ ಕಣ್ಣಿಗೂ ಹೊಟ್ಟೆಗೂ ಅಂಗಾಲಿಗೂ ಇಳಿಯಿತು. ಪಕ್ಕದ ಊರಿನಿಂದ ಕಾಮಾಲೆಗೆ ಬರೆ ಹಾಕುವವರೊಬ್ಬರನ್ನು ಕರೆಸಿದರು. ಕೂಸು ಆಗ ಅತ್ತ ಅಳುವಿನಷ್ಟು ಗಟ್ಟಿಯಾಗಿ ಅದಕ್ಕೆ ಮೊದಲೂ ಅತ್ತಿರಲಿಲ್ಲ, ಆಮೇಲೂ ಅಳಲಿಲ್ಲ.

ನಮ್ಮ ಸೋದರತ್ತೆ ತೀರ್ಪು ಕೊಟ್ಟರು: ತಾಯಿಯ ಹಾಲೇ ಸರಿಯಿಲ್ಲ. ಏಳು ತಿಂಗಳ ಬಸುರಿಯಾಗಿದ್ದಾಗ ಅವ್ವ ಆಸೆಪಟ್ಟು ಸಿಹಿಗುಂಬಳದ ಪಲ್ಯ ತಿಂದಿದ್ದು ಆಗ ಎಲ್ಲರಿಗೂ ನೆನಪಾಯಿತು. ಎದೆಹಾಲು ಬಿಡಿಸಿದರು. ಹಸುವಿನ ಹಾಲಿಗೆ ನೀರು ಬೆರೆಸಿ ಒಳಲೆಯಲ್ಲಿ ಕುಡಿಸಿದರು. ಇಪ್ಪತ್ತೆರಡನೆಯ ದಿನ ಬೆಳಗಿನ ಜಾವ ಕೂಸು ತೀರಿಕೊಂಡಿತು. ಜ್ವರವೇನೂ ಬಂದಿರಲಿಲ್ಲ. ತೊಟ್ಟಿಲು ಕಟ್ಟಿ ಹೆಸರಿಡುವುದೂ ಆಗಿರಲಿಲ್ಲ. ಆದ್ದರಿಂದ ಇಂದಿಗೂ ಅವನನ್ನು ನೆನೆಯಲು ನನಗೊಂದು ಹೆಸರಿಲ್ಲ.

ಆ ಮೂರು ವಾರಗಳಲ್ಲಿ ನನಗೆ ಒಪ್ಪಿಸಿದ್ದ ಕೆಲಸವೆಂದರೆ ಕೂಸಿನ ಬಟ್ಟೆ ಒಗೆಯುವುದು. ಅಪ್ಪನ ಹಳೆಯ ಪಂಚೆ ಹರಿದು ಮಾಡಿದ ಮೆತ್ತನೆಯ ತುಂಡುಗಳು. ಮೊದಲ ವಾರ ಅವು ಜಾಲಿಸಿದರೆ ಸಾಕು, ಬೆಳ್ಳಗಾಗುತ್ತಿದ್ದವು. ಆಮೇಲಾಮೇಲೆ ಉಚ್ಚೆ ಹೊಯ್ದ ಬಟ್ಟೆಯಲ್ಲಿ ಅರಿಶಿನ ಕಲೆಸಿದಂಥ ಕಲೆ ನಿಲ್ಲತೊಡಗಿತು. ಸೋಪು ಹಚ್ಚಿ, ಕಲ್ಲಿಗೆ ಉಜ್ಜಿ, ಬಿಸಿಲಿಗೆ ಹಾಕಿದರೂ ಹೋಗುತ್ತಿರಲಿಲ್ಲ. ಹಗ್ಗದ ಮೇಲೆ ಒಣಗಿದ್ದ ಬಟ್ಟೆ ನೋಡಿ ಸೋದರತ್ತೆ ನನ್ನ ತಲೆಗೆ ಮೊಟಕಿದರು: “ಕೈಯಲ್ಲಿ ಕಸುವಿಲ್ಲವೇನೇ? ಇದೇನು ಒಗೆದಿದ್ದು?” ಕೂಸು ಹೋದ ಮೇಲೆ ಬಹಳ ದಿನ ನನಗೊಂದು ಭಯವಿತ್ತು, ನಾನು ಸರಿಯಾಗಿ ಒಗೆಯದ್ದರಿಂದಲೇ ಹೀಗಾಯಿತೇನೋ ಎಂದು. ಅವ್ವನಿಗೆ ತನ್ನ ಹಾಲಿನ ಭಯ, ನನಗೆ ನನ್ನ ಒಗೆತದ ಭಯ. ಇಬ್ಬರೂ ಒಬ್ಬರಿಗೊಬ್ಬರು ಹೇಳಿಕೊಳ್ಳಲಿಲ್ಲ.

ಇದೆಲ್ಲ ಮತ್ತೆ ಎದ್ದು ಬಂದದ್ದು 2019ರಲ್ಲಿ, ನನ್ನ ಮಗಳು ಬಾಣಂತನಕ್ಕೆ ಬಂದಾಗ. ಆಸ್ಪತ್ರೆಯಲ್ಲೇ ಹೆರಿಗೆಯಾಗಿತ್ತು, ಗಂಡುಮಗು. ಮೂರನೆಯ ದಿನ ಮನೆಗೆ ಕಳಿಸುವಾಗ ಸ್ವಲ್ಪ ಹಳದಿ ಇತ್ತು. ಒಂದು ವಾರಕ್ಕೆ ಇಳಿದಂತೆ ಕಂಡು, ಆಮೇಲೆ ಮತ್ತೆ ಏರಿತು. ಹಾಲು ಕುಡಿಯುತ್ತಿತ್ತು, ಆದರೆ ತೂಕ ಏರಲಿಲ್ಲ. ನೋಡಲು ಬಂದ ನೆಂಟರಲ್ಲಿ ಒಬ್ಬರು ತಣ್ಣಗೆ ಹೇಳಿದರು: “ತಾಯಿ ಹಾಲು ಒಗ್ಗಿಲ್ಲ ಅಂತ ಕಾಣ್ತದೆ.” ನನ್ನ ಎದೆ ಧಸಕ್ಕೆಂದಿತು. ಅದೇ ಮಾತು, ನಲವತ್ತಮೂರು ವರ್ಷಗಳ ಮೇಲೆ. ಮಾರನೆಯ ಬೆಳಿಗ್ಗೆಯೇ ಮಗಳನ್ನೂ ಮಗುವನ್ನೂ ಆಟೋ ಹತ್ತಿಸಿದೆ. ಮಗುವಿಗೆ ಅಂದು ಹದಿನೈದನೆಯ ದಿನ.

ಮಕ್ಕಳ ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮಗುವಿನ ಕಣ್ಣು, ಹೊಟ್ಟೆ ನೋಡಿ ಆಕೆ ಕೇಳಿದ ಮೊದಲ ಪ್ರಶ್ನೆ: “ಮೂತ್ರ ಮಾಡಿದ ಬಟ್ಟೆಯಲ್ಲಿ ಹಳದಿ ಕಲೆ ನಿಲ್ಲುತ್ತದೆಯೇ?”

ನಾನು ಉತ್ತರಿಸಲಿಲ್ಲ. ಕೈಬೆರಳಿಗೆ ಆ ಹಳೆಯ ಪಂಚೆಯ ತುಂಡು ತಗುಲಿದಂತಾಯಿತು. ಮಗಳು ಹೇಳಿದಳು, “ಗೊತ್ತಿಲ್ಲ ಡಾಕ್ಟರ್, ಡೈಪರ್ ಹಾಕ್ತೀವಿ.”

ರಕ್ತ ಪರೀಕ್ಷೆಗೆ ಬರೆದರು. ಜೊತೆಗೆ ಮೂತ್ರ ಪರೀಕ್ಷೆಗೂ ಬರೆದರು; ಅದೂ ಮಗುವಿನ ಮೂತ್ರಕೋಶಕ್ಕೆ ಸಣ್ಣ ನಳಿಕೆ ಹಾಕಿ ತೆಗೆಯಬೇಕಂತೆ. ನನಗೆ ಸಿಟ್ಟು ಬಂತು. ಹಳದಿಯಾಗಿರುವುದು ಕಣ್ಣು, ಇವರು ಅಲ್ಲಿಗೇಕೆ ಹೋಗುತ್ತಾರೆ? ಜ್ವರವಿಲ್ಲ, ವಾಂತಿಯಿಲ್ಲ. ನನ್ನ ತಕರಾರನ್ನು ಆಕೆ ಸಮಾಧಾನವಾಗಿ ಕೇಳಿಕೊಂಡು, “ಈ ವಯಸ್ಸಿನಲ್ಲಿ ಜ್ವರ ಬರಲೇಬೇಕೆಂದಿಲ್ಲ ಮೇಡಂ. ಕೆಲವು ಮಕ್ಕಳಲ್ಲಿ ಸೋಂಕು ಹೊರಗೆ ಕಾಣಿಸಿಕೊಳ್ಳುವುದು ಬರೀ ಈ ಹಳದಿಯಾಗಿ” ಎಂದರು. ಎರಡು ದಿನಕ್ಕೆ ವರದಿ ಬಂತು. ಮೂತ್ರದಲ್ಲಿ ಇ. ಕೋಲಿ ಎಂಬ ಬ್ಯಾಕ್ಟೀರಿಯಾ ಬೆಳೆದಿತ್ತು. ಮಗುವನ್ನು ಸೇರಿಸಿಕೊಂಡು ರಕ್ತನಾಳದ ಮೂಲಕ ಔಷಧಿ ಕೊಟ್ಟರು. ಮೂತ್ರಪಿಂಡದ ಸ್ಕ್ಯಾನ್ ಮಾಡಿದರು, ದೋಷವೇನೂ ಇರಲಿಲ್ಲ. ಹಳದಿ ಇಳಿಯಿತು, ತೂಕ ಏರಿತು. ಅವನೀಗ ಶಾಲೆಗೆ ಹೋಗುತ್ತಾನೆ.

ಮನೆಗೆ ಹೊರಡುವ ದಿನ ನಾನು ಡಾಕ್ಟರಮ್ಮನನ್ನು ಕೇಳಿದೆ: ಹಳದಿಗೂ ಮೂತ್ರಕ್ಕೂ ಸಂಬಂಧವಿದೆ ಎಂಬುದು ಯಾರಿಗೆ, ಯಾವಾಗ ಗೊತ್ತಾಯಿತು? ಆಕೆ ನಕ್ಕು, “ನೀವು ಇತಿಹಾಸದ ಟೀಚರಲ್ಲವೇ, ನೀವೇ ಓದಿ” ಎಂದು ಒಂದಷ್ಟು ಲೇಖನಗಳ ಪ್ರತಿ ತೆಗೆದು ಕೊಟ್ಟರು. ಬೇಸಿಗೆ ರಜೆಯಲ್ಲಿ ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಿದೆ. ಬಿ.ಎ.ಯಲ್ಲಿ ನಾನು ಓದಿದ್ದು ಯುದ್ಧ, ಒಪ್ಪಂದ, ಪಟ್ಟಾಭಿಷೇಕಗಳ ಇತಿಹಾಸ. ಒಂದು ಕಾಯಿಲೆಗೂ ಹಾಗೆಯೇ ಇತಿಹಾಸವಿರುತ್ತದೆ, ಅದರಲ್ಲೂ ಇಸವಿಗಳು ಮುಖ್ಯವಾಗುತ್ತವೆ ಎಂಬುದು ನನಗೆ ಹೊಳೆದೇ ಇರಲಿಲ್ಲ.

ಮೊದಲು ಹಳದಿ ಏಕೆ ಬರುತ್ತದೆಂದು ಎರಡು ಮಾತು. ನಮ್ಮ ರಕ್ತದ ಕೆಂಪು ಕಣಗಳು ಹಳೆಯದಾಗಿ ಒಡೆದಾಗ ಬಿಲಿರುಬಿನ್ ಎಂಬ ಹಳದಿ ವಸ್ತು ಹುಟ್ಟುತ್ತದೆ. ಅದು ಹಾಗೆಯೇ ನೀರಿನಲ್ಲಿ ಕರಗುವುದಿಲ್ಲ. ಪಿತ್ತಜನಕಾಂಗ ಅದನ್ನು ಕರಗುವಂತೆ ಮಾರ್ಪಡಿಸಿ, ಪಿತ್ತರಸದ ಜೊತೆ ಕರುಳಿಗೆ ಕಳಿಸುತ್ತದೆ. ಹಸುಗೂಸಿನಲ್ಲಿ ಕೆಂಪು ಕಣಗಳು ಹೆಚ್ಚು, ಅವುಗಳ ಆಯಸ್ಸು ಕಡಿಮೆ, ಪಿತ್ತಜನಕಾಂಗವಿನ್ನೂ ಪಳಗಿಲ್ಲ. ಆದ್ದರಿಂದ ದಿನ ತುಂಬಿ ಹುಟ್ಟಿದ ಮಕ್ಕಳಲ್ಲಿ ನೂರಕ್ಕೆ ಸುಮಾರು 60, ದಿನ ತುಂಬದೆ ಹುಟ್ಟಿದವರಲ್ಲಿ ಸುಮಾರು 80 ಮಕ್ಕಳು ಮೊದಲ ವಾರದಲ್ಲಿ ಹಳದಿಯಾಗುತ್ತಾರೆ. ಬಹುಪಾಲು ಮಕ್ಕಳಿಗೆ ಇದರಿಂದ ಏನೂ ತೊಂದರೆಯಿಲ್ಲ. ಸಹಜವಾದ ಹಳದಿ ಇಷ್ಟೊಂದು ಮಕ್ಕಳಲ್ಲಿ ಇರುವುದರಿಂದಲೇ ಕಾಯಿಲೆಯ ಹಳದಿ ಅದರ ನಡುವೆ ಕಣ್ಣಿಗೆ ಬೀಳದೆ ಉಳಿದುಹೋಗುತ್ತದೆ.

1785ರಲ್ಲಿ ಫ್ರಾನ್ಸಿನಲ್ಲಿ ಬೋಮ್ ಎಂಬ ವೈದ್ಯ ಈ ವಿಷಯದ ಪ್ರಬಂಧಕ್ಕೆ ಪ್ಯಾರಿಸ್ ವಿಶ್ವವಿದ್ಯಾಲಯದ ಬಹುಮಾನ ಪಡೆದ. ಹತ್ತು ಹಳದಿ ಕೂಸುಗಳ ವಿವರಗಳನ್ನು ಅದರಲ್ಲಿ ಬರೆದಿದ್ದ. ಅವರಲ್ಲಿ ಒಬ್ಬಳು ಅವನ ಸ್ವಂತ ಮಗಳು. 1847ರಲ್ಲಿ ಎರ್ವಿಯೇ ಎಂಬ ಇನ್ನೊಬ್ಬ ಫ್ರೆಂಚ್ ವೈದ್ಯ ಇದೇ ವಿಷಯದ ಮೇಲೆ ಡಾಕ್ಟರೇಟ್ ಪ್ರಬಂಧ ಬರೆದ. ಹಳದಿ ಮುಖದಿಂದ ಶುರುವಾಗಿ ಕಾಲಿನತ್ತ ಇಳಿಯುತ್ತದೆ, ಹೋಗುವಾಗ ಬಂದ ದಾರಿಯಲ್ಲೇ ಹಿಂದಿರುಗುತ್ತದೆ, ಹೆಚ್ಚಿನ ಮಕ್ಕಳಿಗೆ ಅಪಾಯವಿಲ್ಲ ಎಂದೆಲ್ಲ ಆತ ಗುರುತಿಸಿದ್ದ. ನಮ್ಮೂರ ಸೂಲಗಿತ್ತಿಗೂ ಇಷ್ಟು ಗೊತ್ತಿತ್ತು. ಆಕೆಗೆ ಗೊತ್ತಿರಲು ಸಾಧ್ಯವಿಲ್ಲದ ಒಂದು ಸಂಗತಿಯೂ ಆ ಪ್ರಬಂಧದಲ್ಲಿತ್ತು. ತೀರಿಕೊಂಡ 44 ಕೂಸುಗಳ ದೇಹವನ್ನು ಎರ್ವಿಯೇ ಕೊಯ್ದು ಪರೀಕ್ಷಿಸಿದಾಗ 31ರಲ್ಲಿ ಮೆದುಳೂ ಹಳದಿಯಾಗಿತ್ತು. 1875ರಲ್ಲಿ ಜರ್ಮನಿಯ ಓರ್ತ್ ಈ ಹಳದಿ ಮೆದುಳಿನ ಒಳಗಿನ ಕೆಲವು ಭಾಗಗಳಲ್ಲೇ ಗಾಢವಾಗಿ ಕೂರುವುದನ್ನು ವಿವರಿಸಿದ. 1903ರಲ್ಲಿ ಷ್ಮೋರ್ಲ್ ಅದಕ್ಕೆ ಕರ್ನಿಕ್ಟೆರಸ್ ಎಂದು ಹೆಸರಿಟ್ಟ. ಹಳದಿ ಮಿತಿಮೀರಿದರೆ ಬುದ್ಧಿಗೂ ಕಿವಿಗೂ ಕೈಕಾಲಿಗೂ ಪೆಟ್ಟು ಬೀಳಬಹುದೆಂಬ ಭಯ ವೈದ್ಯರಲ್ಲಿ ಬೇರೂರಿದ್ದು ಹೀಗೆ.

ಇನ್ನೊಂದು ಎಳೆ ಬೇರೆ ಕಡೆಯಿಂದ ಬಂತು. ಎರ್ವಿಯೇ ಪ್ರಬಂಧ ಬರೆದ ಅದೇ 1847ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಎಂಬ ಡಾಕ್ಟರು, ಹೆಣ ಕೊಯ್ದು ಬಂದ ವೈದ್ಯರು ಕ್ಲೋರಿನ್ ನೀರಿನಲ್ಲಿ ಕೈ ತೊಳೆಯದೆ ಬಾಣಂತಿಯರನ್ನು ಮುಟ್ಟಬಾರದೆಂದು ನಿಯಮ ಮಾಡಿದರು. ಬಾಣಂತಿಯರ ಸಾವು ಇಳಿಯಿತು. ತಾಯಂದಿರನ್ನು ಕೊಲ್ಲುವ ನಂಜೇ ಕೂಸುಗಳನ್ನೂ ಕೊಲ್ಲುತ್ತದೆ ಎಂಬುದನ್ನೂ ಅವರು ಗಮನಿಸಿದ್ದರು. 1879ರಲ್ಲಿ ಡ್ರೆಸ್ಡೆನ್ನಿನ ವಿಂಕೆಲ್ ಎಂಬ ವೈದ್ಯ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಹಸುಗೂಸುಗಳಿಗೆ ಒಬ್ಬರಾದ ಮೇಲೊಬ್ಬರಿಗೆ ಹರಡಿದ ಭೀಕರ ಕಾಯಿಲೆಯೊಂದನ್ನು ದಾಖಲಿಸಿದ. ಕೂಸುಗಳು ಹಳದಿಯಾಗುತ್ತಿದ್ದವು, ನೀಲಿಗಟ್ಟುತ್ತಿದ್ದವು, ಮೂತ್ರದ ಬಣ್ಣವೂ ಬದಲಾಗುತ್ತಿತ್ತು. ಎಲ್ಲ ಹಳದಿಯೂ ಒಂದೇ ಅಲ್ಲವೆಂಬುದಕ್ಕೆ ಅದೊಂದು ಗಟ್ಟಿ ಸಾಕ್ಷಿ.

ಆರು ವರ್ಷಗಳ ಮೇಲೆ, 1885ರಲ್ಲಿ, ಮ್ಯೂನಿಕ್ ನಗರದ ಎಷರಿಚ್ ಎಂಬ ಮಕ್ಕಳ ವೈದ್ಯ ಹಸುಗೂಸುಗಳ ಮಲವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಕುಳಿತಿದ್ದ. ಹುಟ್ಟಿದ ಕೂಸಿನ ಕರುಳಿಗೆ ಸೂಕ್ಷ್ಮಜೀವಿಗಳು ಯಾವಾಗ, ಹೇಗೆ ಬರುತ್ತವೆ ಎಂಬುದು ಆತನ ಪ್ರಶ್ನೆ. ಅಲ್ಲಿ ಆತ ಕಂಡ ಕೋಲಿನಾಕಾರದ ಒಂದು ಜೀವಿಗೆ ಮುಂದೆ ಅವನದೇ ಹೆಸರು ಬಂತು: ಎಷರೀಷಿಯಾ ಕೋಲಿ, ಅಂದರೆ ನನ್ನ ಮೊಮ್ಮಗನ ವರದಿಯಲ್ಲಿದ್ದ ಇ. ಕೋಲಿ. ಕರುಳಿನಲ್ಲಿ ನಿರುಪದ್ರವಿಯಾಗಿರುವ ಈ ಜೀವಿ ಮೂತ್ರಕೋಶ ಹೊಕ್ಕರೆ ಕಾಯಿಲೆ ತರುತ್ತದೆಂದು 1894ರಲ್ಲಿ ಎಷರಿಚ್ ಚಿಕ್ಕ ಹೆಣ್ಣುಮಕ್ಕಳಲ್ಲಿ ತೋರಿಸಿಕೊಟ್ಟ.

ನನ್ನ ಮಟ್ಟಿಗೆ ಈ ಕಥೆಯ ಅತಿ ಮುಖ್ಯ ಇಸವಿ 1916. ಹಾಲೆಂಡಿನ ವಾನ್ ಡೆನ್ ಬರ್ಗ್ ಎಂಬ ವೈದ್ಯ ಮತ್ತು ಅವನ ಸಹೋದ್ಯೋಗಿ ರಕ್ತದಲ್ಲಿನ ಬಿಲಿರುಬಿನ್ ಎರಡು ಬಗೆಯದೆಂದು ಆ ವರ್ಷ ತೋರಿಸಿದರು. ಒಂದು, ಪಿತ್ತಜನಕಾಂಗಕ್ಕೆ ಇನ್ನೂ ಹೋಗದ, ನೀರಿನಲ್ಲಿ ಕರಗದ ಬಗೆ. ಇನ್ನೊಂದು, ಪಿತ್ತಜನಕಾಂಗದ ಕೆಲಸ ಮುಗಿದು ಕರಗುವಂತಾಗಿ, ಆದರೆ ಹೊರಹೋಗುವ ದಾರಿ ಕಟ್ಟಿ ರಕ್ತಕ್ಕೆ ಹಿಂದಿರುಗಿದ ಬಗೆ. ಕರಗದ ಬಿಲಿರುಬಿನ್ ಎಷ್ಟೇ ಏರಿದರೂ ಮೂತ್ರಕ್ಕೆ ಇಳಿಯುವುದಿಲ್ಲ. ಸಹಜವಾದ ಹಳದಿಯಿರುವ ಕೂಸಿನ ಮೂತ್ರ ನೀರಿನಂತೆ ತಿಳಿಯಾಗಿರುವುದು ಅದಕ್ಕೇ. ಎದೆಹಾಲಿನಿಂದ ಕೆಲವು ಮಕ್ಕಳಿಗೆ ವಾರಗಟ್ಟಲೆ ಹಳದಿ ಉಳಿಯುವುದು ನಿಜ. ಅದು ಕೂಡ ಕರಗದ ಬಗೆಯದೇ, ಮಗು ಚೆನ್ನಾಗಿ ಬೆಳೆಯುತ್ತಲೇ ಇರುತ್ತದೆ. ಮೂತ್ರದಲ್ಲಿ ಹಳದಿ ಕಂಡು ಬಟ್ಟೆಗೆ ಕಲೆ ಹಿಡಿಯಿತೆಂದರೆ ಅದು ಕರಗುವ ಬಗೆ. ಒಳಗೆಲ್ಲೋ ಕಾಯಿಲೆಯಿದೆ, ಸೋಂಕೋ, ಪಿತ್ತನಾಳದ ದೋಷವೋ, ಬೇರೇನೋ.

ಈ ಸಾಲುಗಳನ್ನು ಓದಿದ ಮಧ್ಯಾಹ್ನ ನಾನು ಎದ್ದು ಹಿತ್ತಿಲಿಗೆ ಹೋಗಿ ಸುಮ್ಮನೆ ನಿಂತುಕೊಂಡೆ. ಕಲೆ ಹೋಗದೆ ಉಳಿದದ್ದು ನನ್ನ ಕೈಯ ಕಸುವಿನ ಕೊರತೆಯಿಂದಲ್ಲ. ಅವ್ವನ ಹಾಲಿನಿಂದಲೂ ಅಲ್ಲ. ಹಾಲಿನ ಹಳದಿ ಬಟ್ಟೆಗೆ ಹಿಡಿಯುವುದಿಲ್ಲ.

ಇಪ್ಪತ್ತನೆಯ ಶತಮಾನದ ನಡುವಿನ ಮೂವತ್ತು ವರ್ಷಗಳಲ್ಲಿ ಹಳದಿಯ ವಿರುದ್ಧ ದೊಡ್ಡ ಗೆಲುವುಗಳು ಸಿಕ್ಕವು. 1940ರಲ್ಲಿ ಲ್ಯಾಂಡ್‌ಸ್ಟೈನರ್ ಮತ್ತು ವೀನರ್ ಆರ್‌ಎಚ್ ರಕ್ತದ ಗುಂಪನ್ನು ಕಂಡುಹಿಡಿದರು. ತಾಯಿಯ ಮತ್ತು ಕೂಸಿನ ರಕ್ತ ಹೊಂದದಿದ್ದರೆ ಹಳದಿ ಏಕೆ ಮಾರಕವಾಗುತ್ತದೆಂಬುದು ಇದರಿಂದ ತಿಳಿಯಿತು. ಕೂಸಿನ ರಕ್ತವನ್ನೇ ಬದಲಿಸುವ ಚಿಕಿತ್ಸೆ ಬಂತು. 1968ರ ಹೊತ್ತಿಗೆ ಅದನ್ನು ತಡೆಯುವ ಚುಚ್ಚುಮದ್ದೂ ಬಂತು. ಇಂಗ್ಲೆಂಡಿನ ರಾಚ್‌ಫರ್ಡ್ ಆಸ್ಪತ್ರೆಯಲ್ಲಿ ಸಿಸ್ಟರ್ ವಾರ್ಡ್ ಎಂಬ ನರ್ಸಮ್ಮ ದಿನ ತುಂಬದ ಕೂಸುಗಳನ್ನು ಬಿಸಿಲಿಗೆ ಒಯ್ಯುತ್ತಿದ್ದರು. 1956ರಲ್ಲಿ ಒಂದು ದಿನ, ಒಂದು ಕೂಸಿನ ಮೈಯೆಲ್ಲ ಬಿಳಿಚಿ, ಬಟ್ಟೆಯ ತುದಿ ಮುಚ್ಚಿದ್ದ ಜಾಗ ಮಾತ್ರ ಹಳದಿಯಾಗಿಯೇ ಉಳಿದಿತ್ತು. ಬೆಳಕು ಹಳದಿಯನ್ನು ಕರಗಿಸುತ್ತದೆಂಬ ಈ ಸುಳಿವನ್ನು ಹಿಡಿದು ಕ್ರೀಮರ್ ಮತ್ತು ಜೊತೆಗಾರರು 1958ರಲ್ಲಿ ತಮ್ಮ ಬೆಳಕಿನ ಚಿಕಿತ್ಸೆಯ ವರದಿ ಪ್ರಕಟಿಸಿದರು. ಇಂದು ಆಸ್ಪತ್ರೆಗಳಲ್ಲಿ ಕೂಸುಗಳನ್ನು ಮಲಗಿಸುವ ನೀಲಿ ದೀಪದ ಮೂಲ ಇದೇ. ನಮ್ಮ ಅಜ್ಜಿಯರ ಎಳೆಬಿಸಿಲನ್ನು ನೆನೆದು ನನಗೆ ಖುಷಿಯಾಯಿತು. ಆದರೆ ಬೆಳಕು ಇಳಿಸುವುದು ಬಣ್ಣವನ್ನು. ಒಳಗೆ ಸೋಂಕಿದ್ದರೆ ಅದು ಹಾಗೆಯೇ ಇರುತ್ತದೆ, ಮೇಲಾಗಿ ಇದ್ದ ಒಂದು ಗುರುತೂ ಅಳಿಸಿದಂತಾಗುತ್ತದೆ.

ಸಿಸ್ಟರ್ ವಾರ್ಡ್ ಕೂಸನ್ನು ಬಿಸಿಲಿಗೆ ಒಯ್ದ ಅದೇ 1956ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಕ್ಯಾಸ್ ಎಂಬ ವೈದ್ಯರು, ನೋವು, ಉರಿ, ಜ್ವರ ಯಾವುದೂ ಇಲ್ಲದೆಯೂ ಮೂತ್ರದಲ್ಲಿ ಸೋಂಕು ಇರಬಲ್ಲದೆಂದು ತೋರಿಸಿದರು. ಒಂದು ಮಿಲಿಲೀಟರಿನಲ್ಲಿ 1,00,000 ಬ್ಯಾಕ್ಟೀರಿಯಾ ಎಂಬ ಅಳತೆಗೋಲು ಅವರಿಂದ ಬಂದದ್ದು. ಅವರು ಪರೀಕ್ಷಿಸಿದ್ದು ದೊಡ್ಡವರನ್ನು. ಎಳೆಯ ಮಕ್ಕಳ ವಿಷಯ ಆಮೇಲೆ ಬಂತು. 1962ರಲ್ಲಿ ಬರ್ನ್‌ಸ್ಟೈನ್ ಮತ್ತು ಬ್ರೌನ್ ರಕ್ತದ ನಂಜಿಗೂ ಎಳೆಗೂಸಿನ ಕಾಮಾಲೆಗೂ ಇರುವ ಸಂಬಂಧವನ್ನು ಬರೆದರು. 1969ರಲ್ಲಿ ಸೀಲರ್ ಮತ್ತು ಹಾನ್, ಮೂತ್ರದ ಸೋಂಕಿರುವ ಕೂಸುಗಳಲ್ಲಿ ಕಾಮಾಲೆಯ ಬಗ್ಗೆಯೇ ಒಂದು ಲೇಖನ ಬರೆದರು. 1971ರಲ್ಲಿ ಬ್ರಿಟನ್ನಿನ ಮಕ್ಕಳ ವೈದ್ಯಪತ್ರಿಕೆಯೊಂದರಲ್ಲಿ ಇಂಗ್ ಮತ್ತು ರಾಸ್ಟ್ರನ್, ಕಾಮಾಲೆಯಾಗಿಯೇ ಎದುರಿಗೆ ಬರುವ ಮೂತ್ರದ ಸೋಂಕುಗಳನ್ನು ವಿವರಿಸಿದರು. ಬ್ಯಾಕ್ಟೀರಿಯಾದ ವಿಷ ಪಿತ್ತಜನಕಾಂಗದಿಂದ ಪಿತ್ತ ಹೊರಹೋಗುವುದನ್ನು ತಡೆಯುತ್ತದೆ, ಕೆಂಪು ಕಣಗಳನ್ನೂ ಒಡೆಯಬಹುದು. ಕಾಯಿಲೆ ಮೂತ್ರಪಿಂಡದಲ್ಲಿ, ಗುರುತು ಕಣ್ಣಿನಲ್ಲಿ. ಈ ವಯಸ್ಸಿನಲ್ಲಿ ಗಂಡುಮಕ್ಕಳಿಗೇ ಇದು ಹೆಚ್ಚು.

1971. ನನ್ನ ತಮ್ಮ ಹುಟ್ಟಿದ್ದು 1976. ಇತಿಹಾಸದ ಪಾಠದಲ್ಲಿ ಐದು ವರ್ಷವೆಂದರೆ ಒಂದು ಸಾಲೂ ಅಲ್ಲ. ಆದರೆ ಪತ್ರಿಕೆಯಲ್ಲಿ ಅಚ್ಚಾದ ಆ ಮಾತು, ಬಸ್ಸು ದಿನಕ್ಕೆರಡು ಬಾರಿ ಬರುತ್ತಿದ್ದ ನಮ್ಮ ಹಳ್ಳಿಯ ನಡುಕೋಣೆಗೆ ಐದು ವರ್ಷದಲ್ಲಿ ಹೇಗೆ ತಲುಪೀತು? ಯಾರನ್ನು ದೂರಲಿ? ಸೂಲಗಿತ್ತಿ ತನಗೆ ಗೊತ್ತಿದ್ದುದನ್ನು ಹೇಳಿದಳು. ಸೋದರತ್ತೆ ತಮಗೆ ತಿಳಿದಂತೆ ಕೂಸನ್ನು ಉಳಿಸಲು ನೋಡಿದರು. ತಮ್ಮನಿಗೆ ಏನಾಗಿತ್ತೆಂದು ಇನ್ನು ಯಾರೂ ಹೇಳಲಾರರು. ಹೇಳಬಹುದಾಗಿದ್ದುದು ಆ ಬಟ್ಟೆಯ ತುಂಡುಗಳು, ಅವುಗಳನ್ನು ಅವನ ಜೊತೆಗೇ ಮಣ್ಣು ಮಾಡಿದರು.

ಇಷ್ಟು ಓದಿದ ಮೇಲೆ ನನ್ನಲ್ಲೊಂದು ಹಟ ಹುಟ್ಟಿತು. ಹುಟ್ಟಿ ಹಳದಿಯಾದ ಪ್ರತಿಯೊಂದು ಕೂಸಿಗೂ ಮೂತ್ರ ಪರೀಕ್ಷೆ ಮಾಡಬೇಕು, ಸರ್ಕಾರ ಕಾನೂನನ್ನೇ ತರಬೇಕು ಎಂದು ಡಾಕ್ಟರಮ್ಮನ ಎದುರು ಭಾಷಣ ಮಾಡಿದೆ. ಆಕೆ ವಾದ ಮಾಡಲಿಲ್ಲ, ಮತ್ತೆರಡು ಲೇಖನ ಕೊಟ್ಟರು.

ಮೊದಲನೆಯದು 1992ರದು. ಅಮೆರಿಕದ ಮಿಷಿಗನ್ ರಾಜ್ಯದ ಮೈಸೆಲ್ಸ್ ಮತ್ತು ಕ್ರಿಂಗ್, ಕರಗದ ಬಗೆಯ ಹಳದಿ ಹೆಚ್ಚಾಯಿತೆಂದು ಮೂರು ವಾರದೊಳಗೆ ಆಸ್ಪತ್ರೆಗೆ ಮರಳಿದ 306 ಕೂಸುಗಳ ದಾಖಲೆ ತೆಗೆದು ನೋಡಿದ್ದರು. ರಕ್ತದ ನಂಜು ಒಬ್ಬರಲ್ಲೂ ಇರಲಿಲ್ಲ. ಹಾಗಾದರೆ ಎಲ್ಲರನ್ನೂ ಚುಚ್ಚುವುದು ಏತಕ್ಕೆ? ಪರೀಕ್ಷೆಯೆಂದರೆ ಸುಮ್ಮನೆ ಅಲ್ಲ. ಕೂಸಿಗೆ ನೋವು, ಸುಲಭವೆಂದು ಚೀಲ ಅಂಟಿಸಿ ಹಿಡಿದ ಮೂತ್ರದಲ್ಲಿ ಚರ್ಮದ ಸೂಕ್ಷ್ಮಜೀವಿ ಸೇರಿ ಇಲ್ಲದ ಸೋಂಕು ಇದ್ದಂತೆ ತೋರುವುದು, ಅದರಿಂದ ಬೇಡದ ಔಷಧಿ, ತಾಯಿಯ ಮಗ್ಗುಲಿಂದ ಕೂಸನ್ನು ಅಗಲಿಸುವುದು. ಭಯಕ್ಕೆ ಮಾಡುವ ಪರೀಕ್ಷೆಯೂ ಒಂದು ಬಗೆಯ ಬರೆಯೇ ಆಗಬಹುದೆಂದು ಓದುತ್ತ ಅನ್ನಿಸಿತು.

ಎರಡನೆಯದು 2002ರದು. ಲಾಸ್ ಏಂಜಲಿಸ್‌ನ ಗಾರ್ಸಿಯಾ ಮತ್ತು ನೇಜರ್, ಎಂಟು ವಾರದೊಳಗಿನ 160 ಹಳದಿ ಕೂಸುಗಳನ್ನು ಪರೀಕ್ಷಿಸಿದ್ದರು. ಯಾರಿಗೂ ಜ್ವರವಿರಲಿಲ್ಲ, ಕಾಯಿಲೆಯ ಬೇರೆ ಲಕ್ಷಣವಿರಲಿಲ್ಲ. ಅವರಲ್ಲಿ 12 ಕೂಸುಗಳಿಗೆ, ಅಂದರೆ ನೂರಕ್ಕೆ ಏಳೂವರೆಯಷ್ಟು ಮಂದಿಗೆ, ಮೂತ್ರದ ಸೋಂಕಿತ್ತು. ಎಂಟು ದಿನ ಕಳೆದ ಮೇಲೆ ಹಳದಿ ಶುರುವಾದವರಲ್ಲಿ ಸೋಂಕಿನ ಸಂಭವ ಹೆಚ್ಚು, ಕರಗುವ ಬಗೆಯ ಬಿಲಿರುಬಿನ್ ಏರಿದವರಲ್ಲೂ ಹೆಚ್ಚು. ಆಮೇಲೆ ಟರ್ಕಿ, ಇರಾನ್ ಮುಂತಾದ ದೇಶಗಳ ವೈದ್ಯರೂ ಹೀಗೆ ಪರೀಕ್ಷಿಸಿ ತಮ್ಮ ತಮ್ಮ ಲೆಕ್ಕ ಬರೆದಿದ್ದಾರೆ.

ಎರಡೂ ಲೇಖನಗಳು ಒಂದಕ್ಕೊಂದು ವಿರುದ್ಧವೆಂದು ಮೊದಲು ತೋರಿತು. ಮತ್ತೊಮ್ಮೆ ಓದಿದಾಗ ಹಾಗಲ್ಲವೆಂದು ತಿಳಿಯಿತು. ಮೊದಲನೆಯವರು ಹುಡುಕಿದ್ದು ರಕ್ತದ ನಂಜನ್ನು, ಅದೂ ಕರಗದ ಹಳದಿಯವರಲ್ಲಿ. ಎರಡನೆಯವರು ಹುಡುಕಿದ್ದು ಮೂತ್ರದ ಸೋಂಕನ್ನು, ಇನ್ನೂ ದೊಡ್ಡ ವಯಸ್ಸಿನವರೆಗಿನ ಕೂಸುಗಳಲ್ಲಿ. ಮೊದಲ ವಾರದ ಸಾಮಾನ್ಯ ಹಳದಿಯಲ್ಲಿ ಸೋಂಕು ಹುಡುಕಿದರೆ ಸಿಗುವುದು ಅಪರೂಪ. ತಡವಾಗಿ ಬಂದ, ಹೋಗದೆ ಉಳಿದ, ಬಟ್ಟೆಗೆ ಹಿಡಿಯುವ ಹಳದಿಯಲ್ಲಿ ಹುಡುಕದಿದ್ದರೆ ತಪ್ಪು. 2004ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ, ಕರಗುವ ಬಿಲಿರುಬಿನ್ ಏರಿದ ಕೂಸಿಗೆ ಮೂತ್ರ ಪರೀಕ್ಷೆ ಮಾಡಬೇಕೆಂದಿತು. 2010ರಲ್ಲಿ ಬ್ರಿಟನ್ನಿನ ಮಾರ್ಗಸೂಚಿ, ದಿನ ತುಂಬಿ ಹುಟ್ಟಿದ ಕೂಸಿಗೆ ಹದಿನಾಲ್ಕು ದಿನ ಮೀರಿ, ದಿನ ತುಂಬದ ಕೂಸಿಗೆ ಇಪ್ಪತ್ತೊಂದು ದಿನ ಮೀರಿ ಹಳದಿ ಉಳಿದರೆ ಮಾಡಬೇಕಾದ ಪರೀಕ್ಷೆಗಳ ಪಟ್ಟಿಯಲ್ಲಿ ಮೂತ್ರದ ಪರೀಕ್ಷೆಯನ್ನೂ ಸೇರಿಸಿತು.

ಶಾಲೆಯಲ್ಲಿ ನಾವು ಮಾಡುವುದೂ ಇದನ್ನೇ. ಮಳೆಗಾಲದಲ್ಲಿ ಅರ್ಧ ತರಗತಿ ಕೆಮ್ಮುತ್ತದೆ. ಎಲ್ಲರನ್ನೂ ಆಸ್ಪತ್ರೆಗೆ ಅಟ್ಟುವುದಿಲ್ಲ. ಎರಡು ವಾರ ಮೀರಿಯೂ ಕೆಮ್ಮುವ ಮಗುವನ್ನು ಮಾತ್ರ ಕ್ಷಯದ ಕಫ ಪರೀಕ್ಷೆಗೆ ಕಳಿಸಬೇಕೆಂದು ಆರೋಗ್ಯ ಇಲಾಖೆಯವರು ನಮಗೆ ಹೇಳಿಕೊಟ್ಟಿದ್ದಾರೆ. ಆದರೆ ಆ ಮಗು ಯಾವುದೆಂದು ತಿಳಿಯಬೇಕಾದರೆ ಟೀಚರು ದಿನ ಲೆಕ್ಕ ಇಟ್ಟಿರಬೇಕು.

ಹಸುಗೂಸಿಗೆ ಆ ಲೆಕ್ಕ ಇಡುವವರು ಈಗ ನಮ್ಮ ಹಳ್ಳಿಗಳಲ್ಲೂ ಇದ್ದಾರೆ. 2011ರಲ್ಲಿ ಶುರುವಾದ ಕೇಂದ್ರದ ಕಾರ್ಯಕ್ರಮದಂತೆ, ಆಸ್ಪತ್ರೆಯಲ್ಲಿ ಹುಟ್ಟಿದ ಮಗುವಿನ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನ ಹೋಗಿ ನೋಡಬೇಕು. ಹದಿನಾಲ್ಕನೆಯ ದಿನ ಆ ಪಟ್ಟಿಯಲ್ಲಿದೆ. ಆ ದಿನ ಆಕೆ ಬಂದಾಗ ಮಗುವಿನ ಕಣ್ಣು ಇನ್ನೂ ಹಳದಿಯಿದ್ದರೆ ಬಿಸಿಲಿಗೆ ಹಿಡಿಯುತ್ತೇವೆಂದು ಹೇಳಿ ಕಳಿಸಬೇಡಿ, ಆಸ್ಪತ್ರೆಗೆ ಹೊರಡಿ. ಮೂತ್ರ ಬಟ್ಟೆಗೆ ಹಳದಿ ಹಿಡಿದರೆ, ಮಲ ಬಿಳಿಚಿದರೆ, ಮಗು ಹಾಲು ಬಿಟ್ಟರೆ, ಹದಿನಾಲ್ಕು ದಿನವನ್ನೂ ಕಾಯಬೇಡಿ. ಹುಟ್ಟಿದ ಮೊದಲ ದಿನವೇ ಹಳದಿ ಕಂಡರೂ, ಆಮೇಲೆ ಅಂಗೈ ಅಂಗಾಲಿಗೆ ಇಳಿದರೂ ಹಾಗೆಯೇ. ದಿನಕ್ಕೊಮ್ಮೆಯಾದರೂ ಡೈಪರ್ ಬಿಟ್ಟು ಬಿಳಿ ಬಟ್ಟೆ ಕಟ್ಟಿ ನೋಡಿ. ಮತ್ತು ಯಾವ ಕಾರಣಕ್ಕೂ ಡಾಕ್ಟರು ಹೇಳದೆ ತಾಯಿಯ ಹಾಲು ಬಿಡಿಸಬೇಡಿ.

ಆ ರಜೆಯ ಕೊನೆಯಲ್ಲಿ ತವರಿಗೆ ಹೋದೆ. ಎಪ್ಪತ್ತೈದು ದಾಟಿದ ಅವ್ವ ಜಗಲಿಯ ಮೇಲೆ ಕುಳಿತು ಹುಣಸೆಹಣ್ಣು ಬಿಡಿಸುತ್ತಿದ್ದಳು. ನಾನೂ ಒಂದು ಹಿಡಿ ಎಳೆದುಕೊಂಡು ಕುಳಿತೆ. ಮೊಮ್ಮಗನ ಕಥೆ ಹೇಳುತ್ತ ಹೇಳುತ್ತ ಹಳೆಯದಕ್ಕೆ ಬಂದೆ. ಕರಗುವ ಹಳದಿ, ಕರಗದ ಹಳದಿ ಎಂದು ನನಗೆ ತಿಳಿದಷ್ಟು ಬಿಡಿಸಿ ಹೇಳಿದೆ. ಅವನಿಗೆ ಏನಾಗಿತ್ತೋ ಹೇಳಲಾಗುವುದಿಲ್ಲ, ಆದರೆ ಹಾಲಿನಿಂದ ಆಗಿದ್ದಲ್ಲ, ಕುಂಬಳಕಾಯಿಂದಂತೂ ಅಲ್ಲವೇ ಅಲ್ಲ, ಆ ಕಲೆಯೇ ಅದಕ್ಕೆ ಸಾಕ್ಷಿ ಎಂದೆ.

ಅವ್ವ ಬಹಳ ಹೊತ್ತು ಮಾತಾಡಲಿಲ್ಲ. ಬೀಜ ಒಂದು ಕಡೆ, ನಾರು ಒಂದು ಕಡೆ ಹಾಕುತ್ತಲೇ ಇದ್ದಳು. ಅಳುತ್ತಾಳೇನೋ ಎಂದು ನನಗೆ ಅಳುಕಿತ್ತು. ಅಳಲಿಲ್ಲ. ಕೊನೆಗೆ ತಲೆ ಎತ್ತದೆ ಕೇಳಿದಳು:

“ಹಂಗಾರೆ ಆವತ್ತು ಅವ್ರು ನಿಂಗೆ ಮೊಟಕಿದ್ದೂ ಸುಮ್‌ಸುಮ್ನೇ ಅಲ್ವೇನವ್ವ?”

ಅದನ್ನು ಅವಳು ನೋಡಿದ್ದಳೆಂದೇ ನನಗೆ ಗೊತ್ತಿರಲಿಲ್ಲ. ಹೌದು ಕಣವ್ವ ಎಂದೆ. ಹುಣಸೆಯ ಕೈಯಲ್ಲೇ ಅವಳು ನನ್ನ ತಲೆಯನ್ನು ಒಮ್ಮೆ ಸವರಿದಳು.

ಸಿಹಿಗುಂಬಳ ಈಗಲೂ ಆ ಮನೆಯಲ್ಲಿ ಬೇಯಿಸುವುದಿಲ್ಲ. ಅಷ್ಟು ವರ್ಷದ ಅಭ್ಯಾಸ ಒಂದು ಮಧ್ಯಾಹ್ನದ ಮಾತಿಗೆ ಹೋಗುವುದಲ್ಲ, ನಾನೂ ಒತ್ತಾಯ ಮಾಡಿಲ್ಲ. ಆದರೆ ಹೋದ ವರ್ಷ ಊರಿನಲ್ಲಿ ಅಣ್ಣನ ಸೊಸೆ ಬಾಣಂತಿಯಾಗಿದ್ದಾಗ, ನೋಡಲು ಬಂದ ಹೆಂಗಸೊಬ್ಬರು ಹಾಲಿನ ಮಾತೆತ್ತಿದರಂತೆ. ಅವ್ವ ಅವರ ಬಾಯಿ ಮುಚ್ಚಿಸಿ, ತಾನೇ ತೊಟ್ಟಿಲ ಬಳಿ ಹೋಗಿ, ಕೂಸಿನ ಬಟ್ಟೆ ತೆಗೆದು ಬಾಗಿಲ ಬೆಳಕಿಗೆ ಹಿಡಿದು ನೋಡಿದಳಂತೆ. ಬಟ್ಟೆ ಬೆಳ್ಳಗಿತ್ತು ಎಂದು ಅತ್ತಿಗೆ ಫೋನಿನಲ್ಲಿ ಹೇಳಿದರು.